ಎಲೆ ಬಣ್ಣದ ಕಿಟ್: ಸಾಮಾನು ಪರವಾಗಿಲ್ಲ, ಪುಸ್ತಿಕೆ ಮಾತ್ರ ನಂಬಬೇಡಿ

ಎಲೆ ಯಾಕೆ ಬಣ್ಣ ಬದಲಿಸುತ್ತದೆ ಎಂದು ಮಕ್ಕಳಿಗೆ ತೋರಿಸುವ ಕ್ರೊಮಾಟೋಗ್ರಫಿ (ಬೆರೆತ ಬಣ್ಣಗಳನ್ನು ಕಾಗದದ ಮೇಲೆ ಬೇರ್ಪಡಿಸುವ ವಿಧಾನ) ಕಿಟ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ನಾನು ಇಲ್ಲಿ ಹೇಳುತ್ತಿರುವ ಕಿಟ್ 600 ರೂಪಾಯಿ ಆಸುಪಾಸಿನದು. ಡಬ್ಬಿಯೊಳಗೆ ಪುಟ್ಟ ಕುಟ್ಟಾಣಿ, ಎರಡು ಪ್ಲಾಸ್ಟಿಕ್ ಲೋಟ, ಡ್ರಾಪರ್, 10 ಫಿಲ್ಟರ್ ಪೇಪರ್ ಪಟ್ಟಿ, ಭೂತಗನ್ನಡಿ, ಒಂದು ಪುಸ್ತಿಕೆ ಇವೆ. ಎಲೆಯ ಬಣ್ಣ ಕರಗಿಸುವ ದ್ರಾವಕ ಇಲ್ಲ. ಬೆಂಕಿ ಹತ್ತುವ ವಸ್ತುವನ್ನು ಕೊರಿಯರ್‌ನಲ್ಲಿ ಕಳಿಸದಿರುವುದು ಸರಿಯೇ. ಆದರೆ ಅದರ ಬದಲು ‘ಸ್ಯಾನಿಟೈಸರ್ ಬಳಸಿ’ ಎಂದು ಬರೆದಿದ್ದಾರಲ್ಲ, ಅಲ್ಲೇ ಅರ್ಧ ಜನರ ಪ್ರಯೋಗ ಕೆಡುವುದು. ಜೆಲ್ ಸ್ಯಾನಿಟೈಸರ್‌ನಲ್ಲಿ ಮಂದ ಮಾಡುವ ವಸ್ತು ಇರುತ್ತದೆ, ಕಾಗದದಲ್ಲಿ ಅದು ಸರಾಗವಾಗಿ ಮೇಲೇರುವುದಿಲ್ಲ. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸಲು ಇಟ್ಟುಕೊಳ್ಳುವ 99% ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತನ್ನಿ. ಮೆಡಿಕಲ್ ಶಾಪಿನ 70% ಕೂಡ ನಡೆಯುತ್ತದೆ, ಆದರೆ ಅದರಲ್ಲಿ ನೀರು ಇರುವುದರಿಂದ ಬಣ್ಣಗಳು ಅಷ್ಟು ಚೆನ್ನಾಗಿ ಬೇರೆಯಾಗುವುದಿಲ್ಲ. ನೇಲ್ ಪಾಲಿಶ್ ರಿಮೂವರ್ ಹಾಕುವ ಯೋಚನೆ ಇದ್ದರೆ ಗಾಜಿನ ಲೋಟ ತೆಗೆದುಕೊಳ್ಳಿ. ಅದರಲ್ಲಿರುವ ಅಸಿಟೋನ್‌ಗೆ ಕೆಲವು ಪ್ಲಾಸ್ಟಿಕ್ ಕರಗಿಹೋಗುತ್ತದೆ.

ಎಲೆಗೆ ಪಾಲಕ್‌ಗಿಂತ ಒಳ್ಳೆಯದಿಲ್ಲ. ಒಂದೇ ಕಟ್ಟಿನಲ್ಲಿ ಹಸಿರು ಎಲೆ, ಹಣ್ಣಾದ ಹಳದಿ ಎಲೆ ಎರಡೂ ಸಿಗುತ್ತವೆ, ಪಾಠಕ್ಕೆ ಬೇಕಾಗಿರುವುದು ಅದೇ. ಹಸಿರಿಗೂ ಹಳದಿಗೂ ಬೇರೆಬೇರೆಯಾಗಿ, ನಾಲ್ಕೈದು ಎಲೆಯ ತೇವ ಒರೆಸಿ, ಸಣ್ಣಗೆ ಹೆಚ್ಚಿ, ಚಿಟಿಕೆ ತೊಳೆದ ಮರಳು ಸೇರಿಸಿ ಅರೆಯಿರಿ. ಮರಳಿಲ್ಲದಿದ್ದರೆ ಕಿಟ್‌ನ ಹಗುರ ಕುಟ್ಟಾಣಿಯಲ್ಲಿ ಎಲೆ ಜಾರುತ್ತದೆಯೇ ಹೊರತು ನುರಿಯುವುದಿಲ್ಲ. 10 ಮಿ.ಲೀ. ಐಪಿಎ ಹಾಕಿ, ಮುಚ್ಚಿ, ಬಿಸಿನೀರಿನ ಬಟ್ಟಲಲ್ಲಿ 20 ನಿಮಿಷ ಇಡಿ. ಒಲೆ ಹತ್ತಿರ ಬೇಡವೇ ಬೇಡ, ಕಿಟಕಿ ತೆರೆದಿರಲಿ. ಪಟ್ಟಿಯ ತಳದಿಂದ 2 ಸೆಂ.ಮೀ. ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಪೆನ್ನಿನ ಶಾಯಿಯಾದರೆ ಅದೂ ಮೇಲೇರುತ್ತದೆ. ಗೆರೆಯ ಮೇಲೆ ಟೂತ್‌ಪಿಕ್‌ನಿಂದ ರಸ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಹೀಗೆ ಎಂಟು ಹತ್ತು ಸಲ. ಮಕ್ಕಳ ತಾಳ್ಮೆ ತಪ್ಪುವುದು ಇಲ್ಲೇ, ಪಟ್ಟಿ ಪೇಲವವಾಗಿ ಬರುವುದೂ ಇಲ್ಲೇ. ಆಮೇಲೆ ಪಟ್ಟಿಯನ್ನು ಐಪಿಎ ಇರುವ ಲೋಟದಲ್ಲಿ ನಿಲ್ಲಿಸಿ, ದ್ರಾವಕ 1 ಸೆಂ.ಮೀ. ಮಾತ್ರ ಇರಲಿ. ಗೆರೆ ಮುಳುಗಿದರೆ ಬಣ್ಣವೆಲ್ಲ ಕೆಳಗೆ ಕರಗಿಹೋಗುತ್ತದೆ.

ಅರ್ಧ ಗಂಟೆಯ ಮೇಲೆ ಹಸಿರು ಎಲೆಯ ಪಟ್ಟಿಯಲ್ಲಿ ಮೇಲ್ಗಡೆ ಹಳದಿ, ಅದರ ಕೆಳಗೆ ಹಸಿರು ಕಾಣುತ್ತದೆ. ಹಣ್ಣೆಲೆಯ ಪಟ್ಟಿಯಲ್ಲಿ ಹಳದಿ ಅಲ್ಲೇ ಇದೆ, ಹಸಿರು ಇಲ್ಲ ಅಥವಾ ತೀರಾ ಕಡಿಮೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ಪತ್ರಹರಿತ್ತು ಒಡೆದುಹೋದಾಗ ಮೊದಲಿಂದಲೂ ಇದ್ದ ಹಳದಿ ಹೊರಗೆ ಕಂಡಿತು ಎಂಬುದು ಮಗುವಿಗೇ ಹೊಳೆಯುತ್ತದೆ. ಪುಸ್ತಿಕೆಯ ಚಿತ್ರದಲ್ಲಿ ನಾಲ್ಕು ಅಚ್ಚುಕಟ್ಟಾದ ಪಟ್ಟೆಗಳಿವೆ. ಹಾಗೆ ಬರಲು ಪೆಟ್ರೋಲಿಯಂ ಈಥರ್‌ಗೆ ಸ್ವಲ್ಪ ಅಸಿಟೋನ್ ಬೆರೆಸಬೇಕು, ಅದು ಲ್ಯಾಬಿನ ಕೆಲಸ. ಬಂದ ಪಟ್ಟಿಯ ಫೋಟೊ ಆಗಲೇ ತೆಗೆದಿಡಿ, ಬೆಳಕಿನಲ್ಲಿ ಹಸಿರು ಬೇಗ ಮಾಸುತ್ತದೆ.

ಇನ್ನು ಪುಸ್ತಿಕೆ. ‘ಹಳದಿ, ಕಿತ್ತಳೆ, ಕೆಂಪು ಎಲ್ಲವೂ ಹಸಿರಿನ ಹಿಂದೆ ಅಡಗಿರುತ್ತವೆ’ ಎನ್ನುತ್ತದೆ. ಹಳದಿ, ಕಿತ್ತಳೆಗೆ ಮಾತು ನಿಜ, ಅವು ಕ್ಯಾರೋಟಿನ್ ಬಳಗದವು. ಆದರೆ ಚಳಿ ದೇಶದ ಮೇಪಲ್ ಮರದ ಎಲೆಯ ಕೆಂಪು ಆಂಥೋಸಯನಿನ್ ಎಂಬ ಬೇರೆ ಬಣ್ಣ. ಎಲೆ ಉದುರುವ ಮುಂಚೆ, ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಇದ್ದಾಗ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಮರ ಅದನ್ನು ಬಹುಪಾಲು ಹೊಸದಾಗಿ ತಯಾರಿಸುತ್ತದೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದು ಸಾಲಲ್ಲಿ ಅಳಿಸಿಹಾಕಿದ್ದಾರೆ. ಕೆಂಪಿಗೆ ಬೀಟ್‌ರೂಟ್ ಎಲೆ ಬಳಸಿ ಎಂಬ ಸಲಹೆಯಂತೂ ಇನ್ನೂ ಕೆಟ್ಟದ್ದು. ಬೀಟ್‌ರೂಟ್, ಕೆಂಪು ಹರಿವೆ, ಇವುಗಳ ಬಣ್ಣ ಬೀಟಲೈನ್, ಬೇರೆಯೇ ಜಾತಿ. ಋತು ಬದಲಾವಣೆಗೂ ಅದಕ್ಕೂ ಸಂಬಂಧವಿಲ್ಲ.

ಪುಸ್ತಿಕೆಯ ತುಂಬ ಅಕ್ಟೋಬರ್, ಮೇಪಲ್, ಚಳಿ. ನ್ಯೂಜೆರ್ಸಿಯಲ್ಲಿರುವ ಮೊಮ್ಮಕ್ಕಳಿಗೆ ಕಳಿಸುವುದಾದರೆ ಹೇಳಿ ಮಾಡಿಸಿದಂತಿದೆ. ಕರ್ನಾಟಕದ ಬಯಲುಸೀಮೆಯಲ್ಲಿ ಎಲೆ ಉದುರಿಸುವುದು ಮುಖ್ಯವಾಗಿ ನೀರಿನ ಅಭಾವ, ಹಿಮವಲ್ಲ. ಜನವರಿ, ಫೆಬ್ರವರಿಯಲ್ಲಿ ಬೀದಿ ಬದಿಯ ಕಾಡುಬಾದಾಮಿ ಮರ ನೋಡಿ: ಕೆಳಗೆ ಬಿದ್ದ ಎಲೆ ಕಡುಕೆಂಪು. ಅದನ್ನು ಹೆಚ್ಚಿ ಬಿಸಿನೀರಿನಲ್ಲಿ ನೆನೆಸಿ, ನಿಂಬೆರಸ ಹಿಂಡಿದರೆ ಕೆಂಪೇರುತ್ತದೆ, ಅಡುಗೆ ಸೋಡಾ ಹಾಕಿದರೆ ಕೆಂಪು ಹೋಗಿ ಮಂಕು ಹಸಿರುಗಂದಾಗುತ್ತದೆ. ಆಂಥೋಸಯನಿನ್‌ನ ಗುರುತೇ ಅದು. ಈ ಎಲೆಯನ್ನು ಐಪಿಎ ಪಟ್ಟಿಗೆ ಹಾಕಬೇಡಿ. ಒಗರು ಜಾಸ್ತಿ, ರಸ ಕಂದಾಗಿ ಏನೂ ಕಾಣುವುದಿಲ್ಲ. ಮಾವಿನ ಚಿಗುರಿನ ಕೆಂಪೂ ಆಂಥೋಸಯನಿನ್ನೇ. ಎಲೆ ಸಾಯುವಾಗ ಮಾತ್ರ ಕೆಂಪಾಗುತ್ತದೆ ಎಂದು ಮಗು ತಿಳಿಯದಿರಲು ಅದನ್ನೂ ತೋರಿಸಿ.

ಪಟ್ಟಿ ಹತ್ತೇ ಇರುವುದು ದೊಡ್ಡ ಕೊರತೆ, ಎರಡು ಮಕ್ಕಳಿದ್ದರೆ ಒಂದೇ ಮಧ್ಯಾಹ್ನಕ್ಕೆ ಖಾಲಿ. ಬದಲಿಗೆ ಟಿಶ್ಯೂ ಹಾಕಿದರೆ ಬಣ್ಣ ಹರಡುತ್ತದೆ, ಒದ್ದೆಯಾಗಿ ಕಾಗದವೇ ಹರಿದುಹೋಗುತ್ತದೆ. ಬಿಳಿ ಸೀಮೆಸುಣ್ಣದ ಕಡ್ಡಿಯನ್ನು ಬುಡದ ಸ್ವಲ್ಪ ಮೇಲೆ ರಸ ಹಚ್ಚಿ ದ್ರಾವಕದಲ್ಲಿ ನಿಲ್ಲಿಸಿದರೆ ಪಟ್ಟೆಗಳು ಚೆನ್ನಾಗಿ ಮೂಡುತ್ತವೆ. ಸೀಮೆಸುಣ್ಣ, ಗಾಜಿನ ಲೋಟ, ಅಡುಗೆಮನೆಯ ಕುಟ್ಟಾಣಿ ಮನೆಯಲ್ಲಿದ್ದರೆ ಈ ಕಿಟ್‌ನ ಅಗತ್ಯವಿಲ್ಲ. ಹುಟ್ಟುಹಬ್ಬದ ಉಡುಗೊರೆಗೆ ಡಬ್ಬಿ ಬೇಕೇ ಬೇಕು ಎನ್ನುವವರು ಕೊಳ್ಳಬಹುದು, ಜೊತೆಗೆ 100 ಮಿ.ಲೀ. ಐಪಿಎ ದೊಡ್ಡವರ ಕೈಗೆ ಕೊಡಿ. ನನ್ನ ಅಂಕ: ಐದಕ್ಕೆ ಮೂರು.