ಒಂದೇ ಸೇಡು, ಮೂರು ಬಗೆಯ ಮರೆವು

ನೆನಪು ಕಳೆದುಕೊಂಡವನು ಸೇಡು ತೀರಿಸಿಕೊಳ್ಳುವ ಪತ್ತೇದಾರಿ ಕಥೆಯನ್ನು ಬರೆಯಲು ಕೂತವರು, ಕೊಲೆಗಾರ ಯಾರೆಂಬುದಕ್ಕೂ ಮೊದಲು ಮರೆವು ಯಾವ ಬಗೆಯದೆಂದು ನಿರ್ಧರಿಸಿಕೊಳ್ಳಬೇಕಾಗುತ್ತದೆ. ಸೇಡಿಗೆ ಆಗಿಹೋದ ಅನ್ಯಾಯದ ನೆನಪು ಬೇಕು. ಮರೆವು ಅದನ್ನೇ ಕಸಿದುಕೊಂಡರೆ ಕಥೆಯನ್ನು ಮುಂದಕ್ಕೆ ಎಳೆಯುವ ಶಕ್ತಿಯೇ ಉಳಿಯುವುದಿಲ್ಲ. ದಕ್ಷಿಣ ಕೊಡಗಿನ ಕಾಫಿ ತೋಟವೊಂದರಲ್ಲಿ ನಡೆಯುವ ನನ್ನ ಕಾದಂಬರಿಯ ಆರಂಭದ ಅಧ್ಯಾಯಗಳನ್ನು ಮೂರು ಬಗೆಯ ಮರೆವಿನೊಂದಿಗೆ ಬೇರೆ ಬೇರೆಯಾಗಿ ಬರೆದು, ವಿರಾಜಪೇಟೆಯ ಕೆಲವು ಓದುಗ ಗೆಳೆಯರಿಗೆ ಓದಿ ಹೇಳಿದ್ದೇನೆ. ಕಥಾವಸ್ತು ಮೂರರಲ್ಲೂ ಒಂದೇ: ತೋಟದ ಲೆಕ್ಕ, ಹಾಜರಿ ಬರೆಯುವ ರೈಟರ್ ಒಬ್ಬನ ತಮ್ಮ ಕೋವಿಯ ಗುಂಡಿಗೆ ಬಲಿಯಾಗಿದ್ದಾನೆ, ಹೊಡೆದವನನ್ನು ಅಣ್ಣ ಹುಡುಕುತ್ತಿದ್ದಾನೆ.

ಮೊದಲನೆಯದು ತಲೆಗೆ ಪೆಟ್ಟು ಬಿದ್ದು ಹಿಂದಿನದೆಲ್ಲ ಅಳಿಸಿಹೋಗುವ ಮರೆವು. ಸಿನಿಮಾಗಳು ನಮಗೆ ರೂಢಿ ಮಾಡಿಸಿರುವುದು ಇದನ್ನೇ. ಆದರೆ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಥಿಯೊಡ್ಯೂಲ್ ರಿಬೊ 1881ರಲ್ಲಿಯೇ ಗುರುತಿಸಿದಂತೆ, ಮಿದುಳಿಗೆ ಧಕ್ಕೆಯಾದಾಗ ಇತ್ತೀಚಿನ ನೆನಪುಗಳು ಮೊದಲು ಹೋಗುತ್ತವೆ, ಹಳೆಯವು ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ. ಪೆಟ್ಟಿಗೆ ಮುಂಚಿನ ಕೆಲವು ನಿಮಿಷಗಳೋ ಗಂಟೆಗಳೋ ಶಾಶ್ವತವಾಗಿ ಇಲ್ಲವಾಗಬಹುದು. ತನ್ನ ಹೆಸರನ್ನೂ ಹೆತ್ತವರನ್ನೂ ಮರೆತು, ಉಳಿದ ವಿಷಯಗಳಲ್ಲಿ ಚುರುಕಾಗಿಯೇ ಇರುವ ಮನುಷ್ಯ ಬರಿಯ ಪೆಟ್ಟಿನಿಂದ ರೂಪುಗೊಳ್ಳುವುದು ತೀರ ಅಪರೂಪ. ಎರಡನೆಯ ಪೆಟ್ಟಿಗೆ ಎಲ್ಲವೂ ಮರಳಿ ಬರುವುದಂತೂ ವೈದ್ಯಶಾಸ್ತ್ರದಲ್ಲಿ ಇಲ್ಲದ ಮಾತು.

ವೈದ್ಯಕೀಯದ ತೊಡಕನ್ನು ಬದಿಗಿಟ್ಟರೂ ಕೊಡಗಿನ ತೊಡಕು ಉಳಿಯುತ್ತದೆ. ಇಲ್ಲಿ ಹೊಸಬರು ಎದುರಾದಾಗ ಯಾವ ಊರು, ಯಾವ ಮನೆತನ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ, ಮತ್ತು ಉತ್ತರ ಬಂದ ಕೂಡಲೇ ಆ ಮನೆತನದ ಮೂಲಮನೆಯಾದ ಐನ್‌ಮನೆ ಎಲ್ಲಿದೆ, ಅದರ ಹೆಣ್ಣುಮಕ್ಕಳನ್ನು ಎಲ್ಲೆಲ್ಲಿಗೆ ಕೊಟ್ಟಿದ್ದಾರೆ ಎಂಬುದನ್ನು ಕೇಳಿದವರೇ ಹೇಳಿಬಿಡುತ್ತಾರೆ. ನನ್ನ ನಾಯಕ ತನ್ನನ್ನು ಮರೆತರೂ ಗೋಣಿಕೊಪ್ಪದ ಪೇಟೆ ಅವನನ್ನು ಮರೆಯುವುದಿಲ್ಲ. ಎರಡನೆಯ ಅಧ್ಯಾಯ ಮುಗಿಯುವ ಮೊದಲೇ ಯಾರೋ ಒಬ್ಬರು ಅವನನ್ನು ಕರೆದುಕೊಂಡು ಹೋಗಿ ಮನೆ ತಲುಪಿಸುತ್ತಾರೆ. ಆದ್ದರಿಂದ ಈ ಕರಡಿನಲ್ಲಿ ಮಾತ್ರ ಅವನನ್ನು ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆಗೆ ಹೊಸದಾಗಿ ಬಂದಿರುವ ಹೊರರಾಜ್ಯದ ಕಾರ್ಮಿಕನನ್ನಾಗಿಸಿ, 2018ರ ಆಗಸ್ಟ್‌ನ ಭೂಕುಸಿತದ ನಂತರ ಕಾಗದಪತ್ರಗಳಿಲ್ಲದೆ ಪರಿಹಾರ ಕೇಂದ್ರದಲ್ಲಿ ಕಣ್ಣು ಬಿಡುವವನಂತೆ ಬರೆದೆ. ಗುರುತು ಕಳೆದುಹೋಗುವುದು ಆಗ ನಂಬುವಂತಾಯಿತು. ಆದರೆ ತಮ್ಮನೊಬ್ಬನಿದ್ದ ಎಂಬುದನ್ನೂ ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕಾದವನ ಸೇಡಿನಲ್ಲಿ ಕಾವಿಲ್ಲ. ಕೊನೆಯ ಅಧ್ಯಾಯದಲ್ಲಿ ನೆನಪು ಮರಳುತ್ತದೆ ಅಲ್ಲವೇ ಎಂದು ಗೆಳೆಯರು ಆರಂಭದಲ್ಲೇ ಊಹಿಸಿದರು. ಈ ದಾರಿಗೆ ಅದನ್ನು ಬಿಟ್ಟರೆ ಬೇರೆ ಅಂತ್ಯವೂ ಸುಲಭವಾಗಿ ಸಿಗುವುದಿಲ್ಲ.

ಎರಡನೆಯದು ಮನಸ್ಸೇ ತನ್ನನ್ನು ತೊರೆದು ಹೋಗುವ ಮರೆವು. ವೈದ್ಯರು ಇದನ್ನು ಡಿಸೋಸಿಯೇಟಿವ್ ಫ್ಯೂಗ್ ಎನ್ನುತ್ತಾರೆ. ಅಮೆರಿಕದ ರೋಡ್ ಐಲೆಂಡ್‌ನ ಧರ್ಮಬೋಧಕ ಆನ್ಸೆಲ್ ಬೋರ್ನ್ 1887ರ ಜನವರಿಯಲ್ಲಿ ಮನೆಯಿಂದ ಕಾಣೆಯಾಗಿ, ಪೆನ್ಸಿಲ್ವೇನಿಯಾದ ನಾರಿಸ್‌ಟೌನ್‌ನಲ್ಲಿ ಎ. ಜೆ. ಬ್ರೌನ್ ಎಂಬ ಹೆಸರಿನಿಂದ ಸಣ್ಣ ಅಂಗಡಿ ನಡೆಸುತ್ತಿದ್ದು, ಮಾರ್ಚ್‌ನ ಒಂದು ಬೆಳಿಗ್ಗೆ ತಾನು ಎಲ್ಲಿದ್ದೇನೆಂದು ತಿಳಿಯದೆ ಗಾಬರಿಯಿಂದ ಎದ್ದದ್ದನ್ನು ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ವಿವರವಾಗಿ ದಾಖಲಿಸಿದ್ದಾನೆ. ನನ್ನ ರೈಟರ್ ಮಾಕುಟ್ಟದ ಘಟ್ಟ ಇಳಿದು ಕೇರಳದ ಇರಿಟ್ಟಿಯ ಅಂಗಡಿಯೊಂದರಲ್ಲಿ ಬೇರೆ ಹೆಸರಿನಿಂದ ಲೆಕ್ಕ ಬರೆಯುತ್ತಾನೆ. ಬರವಣಿಗೆಯ ದೃಷ್ಟಿಯಿಂದ ನನಗೆ ತುಂಬ ಪ್ರಿಯವಾದ ಪುಟಗಳು ಈ ಕರಡಿನಲ್ಲಿವೆ. ಸೇಡಿನ ಕಥೆಯಾಗಿ ಮಾತ್ರ ಇದು ನಿಲ್ಲಲಿಲ್ಲ: ಸಹಿಸಲಾಗದ್ದರಿಂದ ಓಡಿಹೋದ ಮನಸ್ಸಿಗೆ ಅದರ ಕಡೆಗೇ ತಿರುಗಿ ಬರುವ ಹಂಬಲವಿರುವುದಿಲ್ಲ, ಅಂಗಡಿಯ ಗುಮಾಸ್ತನಿಗೆ ರೈಟರ್‌ನ ಹಗೆ ಗೊತ್ತೇ ಇಲ್ಲ.

ಮೂರನೆಯ ದಾರಿಯ ಬಗ್ಗೆ ಹೆಚ್ಚು ಹೇಳಬೇಕು. ಇಲ್ಲಿ ಹಳೆಯದು ಉಳಿಯುತ್ತದೆ, ಹೊಸದು ನಿಲ್ಲುವುದಿಲ್ಲ. ಅಪಸ್ಮಾರದ ಚಿಕಿತ್ಸೆಗಾಗಿ 1953ರಲ್ಲಿ ಮಿದುಳಿನ ಎರಡೂ ಪಾರ್ಶ್ವಗಳಲ್ಲಿ ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಭಾಗವನ್ನು ತೆಗೆಸಿಕೊಂಡ ಹೆನ್ರಿ ಮೊಲೈಸನ್ 2008ರಲ್ಲಿ ತೀರಿಕೊಳ್ಳುವವರೆಗೂ ತಾನು ಯಾರೆಂದು ಬಲ್ಲವನಾಗಿದ್ದ, ಆದರೆ ಸ್ವಲ್ಪ ಹೊತ್ತಿನ ಹಿಂದೆ ಮಾತನಾಡಿಸಿ ಹೋದವರನ್ನು ಗುರುತಿಸುತ್ತಿರಲಿಲ್ಲ. ಸೇಡಿನ ಕಥೆಗೆ ಬೇಕಾದದ್ದು ಇದೇ ಸ್ಥಿತಿ: ಹಗೆ ಭದ್ರವಾಗಿದೆ, ಸಾಕ್ಷ್ಯ ಮಾತ್ರ ದಿನವೂ ಜಾರಿಹೋಗುತ್ತದೆ. ಇದಕ್ಕೊಂದು ಕಟ್ಟಳೆಯಿದೆ. ಮಿದುಳಿಗೆ ಧಕ್ಕೆಯಾದ ಹೊತ್ತಿನ ನೆನಪೂ ಸಾಮಾನ್ಯವಾಗಿ ಉಳಿಯುವುದಿಲ್ಲವಾದ್ದರಿಂದ ತಮ್ಮನ ಕೊಲೆಯನ್ನೂ ಅಣ್ಣನ ಮರೆವನ್ನೂ ಒಂದೇ ರಾತ್ರಿಯಲ್ಲಿ ಇಡುವಂತಿಲ್ಲ. ನನ್ನ ಕರಡಿನಲ್ಲಿ ಕೊಲೆ ಒಂದು ಕೊಯ್ಲಿನ ಕಾಲದಲ್ಲಿ ನಡೆಯುತ್ತದೆ. ಮುಂದಿನ ವರ್ಷ, ಸತ್ಯದ ಹತ್ತಿರ ಬಂದ ರೈಟರ್‌ನನ್ನು ಯಾರೋ ತೋಟದ ಕೆರೆಗೆ ತಳ್ಳುತ್ತಾರೆ. ಆಮ್ಲಜನಕದ ಕೊರತೆಯನ್ನು ಹಿಪೊಕ್ಯಾಂಪಸ್ ತಡೆದುಕೊಳ್ಳಲಾರದು, ಹೀಗಾಗಿ ಮುಳುಗಿ ಬದುಕುಳಿದವನಿಗೆ ಇಂಥ ಮರೆವು ಬರುವುದು ಸಂಭಾವ್ಯ.

ಹೊಸ ಸಂಗತಿ ನೆನಪಿಲ್ಲದಿದ್ದರೂ ಕೈ ಕಲಿಯುತ್ತದೆ ಎಂಬುದು ಕಥೆಗಾರನಿಗೆ ಸಿಕ್ಕ ದೊಡ್ಡ ವರ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಅಭ್ಯಾಸದಲ್ಲಿ ಮೊಲೈಸನ್ ದಿನದಿಂದ ದಿನಕ್ಕೆ ಸುಧಾರಿಸಿದ, ಹಿಂದೆ ಅದನ್ನು ಮಾಡಿದ ನೆನಪು ಅವನಿಗಿರಲಿಲ್ಲ. ನನ್ನ ರೈಟರ್ ತೆಂಗಿನಕಾಯಿಗೆ ಗುರಿಯಿಡುವುದನ್ನು ಅಭ್ಯಾಸ ಮಾಡಿದ್ದು ಅವನಿಗೆ ಗೊತ್ತಿಲ್ಲ, ಗುರಿ ಮಾತ್ರ ತಪ್ಪುತ್ತಿಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಎಡ್ವರ್ಡ್ ಕ್ಲಪರೇಡ್ 1911ರಲ್ಲಿ ಬರೆದದ್ದು ಇದಕ್ಕಿಂತಲೂ ತೀಕ್ಷ್ಣವಾದದ್ದು: ಅಂಗೈಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಮರೆವಿನ ರೋಗಿಯೊಬ್ಬಳ ಕೈ ಕುಲುಕಿದ ಮೇಲೆ, ಆ ಘಟನೆಯನ್ನು ಮರೆತಿದ್ದರೂ ಆಕೆ ಮತ್ತೆ ಅವನಿಗೆ ಕೈ ಕೊಡಲು ಹಿಂಜರಿದಳು. ನನ್ನ ಕಥೆಯಲ್ಲಿ ಗೋದಾಮಿನೊಳಗೆ ರೈಟರ್‌ನ ಮಣಿಕಟ್ಟು ತಿರುಚಿ ಬೆದರಿಸಿದವನು ಮರುದಿನ ನಗುತ್ತ ಬಂದು ಕೈ ಚಾಚುತ್ತಾನೆ. ರೈಟರ್ ಗೌರವದಿಂದ ಎದ್ದು ನಿಲ್ಲುತ್ತಾನೆ, ಆದರೆ ಬಲಗೈ ತಾನಾಗಿ ಬೆನ್ನ ಹಿಂದೆ ಸರಿಯುತ್ತದೆ. ಓದಿ ಹೇಳುವಾಗ ಗೆಳೆಯರು ಇನ್ನೊಮ್ಮೆ ಓದಿ ಎಂದು ಕೇಳಿದ ಭಾಗ ಇದೊಂದೇ.

ಈ ಮರೆವಿನವನಿಗೆ ದಿನಚರಿಯೇ ಆಧಾರ, ಮತ್ತು ದಿನಚರಿಯನ್ನು ತಿದ್ದಬಹುದು. ಕೂಲಿಯಾಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದೇ ಕಸುಬಾಗಿದ್ದವನು ಅಕ್ಷರವನ್ನು ಅನುಮಾನಿಸುವುದಿಲ್ಲ. ಒಂದು ಪುಟದಲ್ಲಿ ಹೀಗಿದೆ: ‘ಬೆಳಗಿನಿಂದ ಒಳ್ಳೆಯ ಬಿಸಿಲು. ಕಣದಲ್ಲಿ ಕಾಫಿ ಚೆರ್ರಿ ಕೆದಕುವಾಗ ಮೇಸ್ತ್ರಿ, ಗುಂಡು ಹೊಡೆದದ್ದು ತಾನೇ ಎಂದು ಒಪ್ಪಿಕೊಂಡ.’ ರೈಟರ್ ಇದನ್ನು ನಂಬಿ ಕೋವಿ ಕೈಗೆತ್ತಿಕೊಳ್ಳುತ್ತಾನೆ. ಆದರೆ ನಮ್ಮಲ್ಲಿ ಅನೇಕ ಬೆಳೆಗಾರರು ಮಳೆಯನ್ನು ಇಂಚು, ಅದರ ನೂರನೆಯ ಒಂದು ಭಾಗವಾದ ಸೆಂಟ್‌ಗಳಲ್ಲಿ ದಿನವೂ ಬರೆದಿಡುತ್ತಾರೆ. ಪಕ್ಕದ ತೋಟದ ಮಳೆ ಪುಸ್ತಕದಲ್ಲಿ ಆ ದಿನಾಂಕದ ಮುಂದೆ ಒಂದು ಇಂಚು ಇಪ್ಪತ್ತು ಸೆಂಟ್ ಎಂದಿದೆ. ಅಕಾಲದಲ್ಲಿ ಅಷ್ಟು ಮಳೆ ಬಿದ್ದ ದಿನ ಚೆರ್ರಿಯೆಲ್ಲ ಟಾರ್ಪಾಲಿನ ಅಡಿ ಇರಬೇಕಲ್ಲದೆ ಕಣದಲ್ಲಿ ಒಣಗಲು ಹರಡಿರಲು ಸಾಧ್ಯವಿಲ್ಲ. ಸಾಲು ಸುಳ್ಳು ಎಂಬುದು ಓದುಗನಿಗೆ ತಿಳಿಯುವ ಹೊತ್ತಿಗೆ ರೈಟರ್ ಮನೆ ಬಿಟ್ಟಿರುತ್ತಾನೆ. ಮೊದಲೆರಡು ಕರಡುಗಳಲ್ಲಿ ಇಂಥ ಒತ್ತಡ ಎಲ್ಲಿಯೂ ಹುಟ್ಟಲಿಲ್ಲ.

ಮೂರನೆಯದಕ್ಕೂ ಬೆಲೆ ತೆರಬೇಕು. ಪ್ರತಿ ಬೆಳಿಗ್ಗೆ ಲೋಕವನ್ನು ಹೊಸದಾಗಿ ಪರಿಚಯಿಸುವ ನಿರೂಪಣೆ ಬೇಗ ದಣಿಸುತ್ತದೆ. ಉತ್ತಮ ಪುರುಷದಲ್ಲಿ, ಚಿಕ್ಕ ಅಧ್ಯಾಯಗಳಲ್ಲಿ ಬರೆದರೆ ಮಾತ್ರ ಅದು ಸಹ್ಯ. ಅತಿಯಾದ ಕುಡಿತದಿಂದ ಥಯಮಿನ್ ಎಂಬ ಜೀವಸತ್ವದ ಕೊರತೆಯಾಗಿ ಬರುವ ಕೊರ್ಸಕಾಫ್ ಮರೆವನ್ನೂ ಯೋಚಿಸಿದ್ದೆ. ಅಂಥವರು ನೆನಪಿನ ಕಂಡಿಗಳನ್ನು ಕಟ್ಟುಕಥೆಗಳಿಂದ ತುಂಬಿಕೊಂಡು ತಾವೇ ಅದನ್ನು ನಂಬುತ್ತಾರೆ. ಅದು ನಾಯಕನಿಗಿಂತ ಸಾಕ್ಷಿದಾರನಿಗೆ ಹೆಚ್ಚು ಹೊಂದುತ್ತದೆ.

ಯಾವ ದಾರಿ ಹಿಡಿದರೂ ತನಿಖೆಯ ಭಾಗವನ್ನು ಇಲ್ಲಿನ ಕಾನೂನಿಗೆ ಸರಿಯಾಗಿ ಬರೆಯಬೇಕು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂ ಹಿಡುವಳಿ ಉಳ್ಳವರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದರಿಂದ, ಮನೆಯಲ್ಲಿ ಕೋವಿ ಇದೆ ಎಂಬುದೊಂದೇ ಯಾರ ಮೇಲೂ ಸಂಶಯ ತರುವುದಿಲ್ಲ. ಅಪರಾಧದ ನಂತರದ ಮರೆವು ರಕ್ಷಣೆಯೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ನೋಡುವುದು ಕೃತ್ಯ ನಡೆದ ಹೊತ್ತಿನ ಮನಃಸ್ಥಿತಿಯನ್ನು. ಚುಚ್ಚುಮದ್ದು ಕೊಟ್ಟು ಮರೆತದ್ದನ್ನು ಹೊರತೆಗೆಸುವ ದೃಶ್ಯವನ್ನೂ ಕೈಬಿಡಬೇಕು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದು ತೀರ್ಪಿತ್ತಿದೆ. ಆದ್ದರಿಂದ ನನ್ನ ಇನ್‌ಸ್ಪೆಕ್ಟರ್ ಚೆಕ್‌ರೋಲ್, ಮಳೆ ಪುಸ್ತಕ, ದಿನಚರಿ ಮೂರನ್ನೂ ವಶಕ್ಕೆ ಪಡೆದು ಆ ಒಂದು ಸಾಲಿನ ಕೈಬರಹವನ್ನು ಪರೀಕ್ಷೆಗೆ ಕಳಿಸುತ್ತಾನೆ. ಈಗ ಬರೆಯುತ್ತಿರುವ ಅಧ್ಯಾಯ ಅದೇ.