ಯೆಜ್ಡಿಗೆ ರೇಸ್ ಟ್ಯಾಂಕು: ತಗಡೋ, ಫೈಬರೋ, ಅಲ್ಯೂಮಿನಿಯಮ್ಮೋ?

ಹಳೆ ಬೈಕನ್ನು ರೇಸ್ ಬೈಕಿನ ಹಾಗೆ ಕಟ್ಟುವ ಹುಚ್ಚಿನವರು ಇಂಜಿನ್ ಬಗ್ಗೆ ಬೆಳಗಿನವರೆಗೂ ಮಾತಾಡುತ್ತಾರೆ. ಟ್ಯಾಂಕಿನ ವಿಷಯ ತೆಗೆದರೆ ಮಾತ್ರ "ಅದಕ್ಕೇನು, ಯಾವುದಾದ್ರೂ ಒಂದು ಕೂರಿಸಿದರಾಯ್ತು" ಅಂದುಬಿಡುತ್ತಾರೆ. ಕಾಸರಗೋಡಿನಲ್ಲಿ ಆ ಮಾತು ನಡೆಯುವುದಿಲ್ಲ. ಇಲ್ಲಿ ಪಡುವಣದಿಂದ ಉಪ್ಪು ಗಾಳಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ಸಾಲದ್ದಕ್ಕೆ ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲು. ಈ ಮೂರೂ ಸೇರಿ ಮೊದಲು ಕೈ ಹಾಕುವುದು ಟ್ಯಾಂಕಿಗೇ.

ನನ್ನದು ಯೆಜ್ಡಿ 250. ಮೈಸೂರಿನ ಐಡಿಯಲ್ ಜಾವಾದವರು 1961ರಿಂದ 1996ರವರೆಗೆ ಬೈಕು ಮಾಡಿದರಲ್ಲ, ಅಲ್ಲಿಯದೇ. ಚೆನ್ನೈ ಹತ್ತಿರದ ಶೋಲಾವರಂನಲ್ಲಿ ವಿಮಾನ ಇಳಿಯುವ ಹಳೆ ಪಟ್ಟಿಯ ಮೇಲೆ ರೇಸ್ ನಡೆಯುತ್ತಿದ್ದ ಕಾಲದ ಗಾಡಿಗಳ ಹಾಗೆ ಕೆಳಗಿನ ಹ್ಯಾಂಡಲ್, ಒಂಟಿ ಸೀಟು, ಉದ್ದ ಟ್ಯಾಂಕು ಇರಬೇಕು ಅಂತ ಆಸೆ. ಹಾಗಾಗಿ ಒಂದೇ ಚಾಸಿಯ ಮೇಲೆ ಮೂರು ಟ್ಯಾಂಕು ಕೂತು ಇಳಿದಿವೆ: ಗಾಡಿಯ ಜೊತೆ ಬಂದ ಕಬ್ಬಿಣದ ತಗಡಿನದ್ದು, ಇಲ್ಲೇ ಮಾಡಿಸಿದ ಫೈಬರಿನದ್ದು, ಬಡಿದು ಮಾಡಿದ ಅಲ್ಯೂಮಿನಿಯಮ್ಮಿನದ್ದು.

ಚೆಂದಕ್ಕೆ ಫೈಬರೇ ಮೇಲು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡಲ ಬದಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರು ಇದ್ದಾರಲ್ಲ, ಅವರ ಕೈಯಲ್ಲಿ ಗ್ಲಾಸ್ ಮ್ಯಾಟು (ಗಾಜಿನ ನಾರಿನ ಹಾಳೆ), ರೆಸಿನ್ನು (ಒಣಗಿ ಗಟ್ಟಿಯಾಗುವ ಅಂಟು) ಹೇಳಿದ ಮಾತು ಕೇಳುತ್ತವೆ. ಥರ್ಮೋಕೋಲಿನಲ್ಲಿ ಆಕಾರ ಕೆತ್ತಿ, ಅದರ ಮೇಲೆ ಅಚ್ಚು ತೆಗೆದು, ಮೊಣಕಾಲು ಕೂರುವ ತಗ್ಗನ್ನು ನನ್ನ ಅಳತೆಗೇ ಮಾಡಿಕೊಟ್ಟರು. ತಗಡಿನಲ್ಲಿ ಆ ತಿರುವು ತರಿಸಬೇಕಾದರೆ ಒಳ್ಳೆ ಟಿಂಕರಿಂಗ್‌ನವರನ್ನು ಹುಡುಕಿಕೊಂಡು ಅಲೆಯಬೇಕು. ಆದರೆ ಮಾಡಿದವರೇ ಮೊದಲು ಎಚ್ಚರಿಸಿದ್ದರು: "ಮಾಷ್ಟ್ರೇ, ದೋಣಿಗೆ ಹೊರಗಿಂದ ನೀರು. ಇದಕ್ಕೆ ಒಳಗಿಂದ ಪೆಟ್ರೋಲು. ಗ್ಯಾರಂಟಿ ಮಾತ್ರ ಕೇಳಬೇಡಿ."

ಅವರ ಮಾತು ಸರಿಯಾಗಿಯೇ ಇತ್ತು. ದೋಣಿಗೆ ಬಳಸುವ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಹಳೆ ಕಾಲದ ಪೆಟ್ರೋಲನ್ನು ಹೇಗೋ ತಡೆದುಕೊಳ್ಳುತ್ತಿತ್ತು. ಎಥನಾಲ್ ಅದನ್ನು ಮೆತ್ತಗೆ ಮಾಡುತ್ತದೆ. ಮೊದಲು ಗೊತ್ತಾಗುವುದು ಹೊರಗಿನ ಬಣ್ಣದಲ್ಲಿ. ಅಡಿಭಾಗದ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಒತ್ತಿದರೆ ಒಳಗೆ ಹೋಗುತ್ತದೆ. ಆಮೇಲೆ ಟ್ಯಾಂಕು ಒಂಚೂರು ಉಬ್ಬಿ ಬೋಲ್ಟಿನ ತೂತುಗಳು ಹೊಂದುವುದಿಲ್ಲ. ಕರಗಿದ ರೆಸಿನ್ ಪೆಟ್ರೋಲಿನ ಜೊತೆ ಇಳಿದು ಕಾರ್ಬೊರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತಿನಲ್ಲಿ, ಹಲಸಿನ ಮೇಣದ ಹಾಗೆ ಕೂರುತ್ತದೆ, ಉಜ್ಜಿದರೂ ಬರುವುದಿಲ್ಲ. ವಿನೈಲ್ ಎಸ್ಟರ್ ರೆಸಿನ್ನಿನಲ್ಲಿ ಮಾಡಿಸಿದರೆ ಬಾಳಿಕೆ ಜಾಸ್ತಿ, ನಿಜ. ಆದರೆ ಅದು ದೋಣಿಯವರ ಡಬ್ಬದಲ್ಲಿ ಇರುವುದಿಲ್ಲ, ಬೇರೆ ತರಿಸಿಕೊಡಬೇಕು. ಬಿದ್ದಾಗ ತಗಡು ಜಜ್ಜುತ್ತದೆ, ಫೈಬರು ಸೀಳುತ್ತದೆ. ಬಿಸಿ ಸೈಲೆನ್ಸರಿನ ಮೇಲೆ ಕೂತು ಓಡಿಸುವವರು ಇದನ್ನು ಸ್ವಲ್ಪ ಯೋಚಿಸಬೇಕು, ಅಲ್ವಾ?

ಅಲ್ಯೂಮಿನಿಯಮ್ಮಿಗೆ ರೇಸಿನಲ್ಲಿ ದೊಡ್ಡ ಹೆಸರು. ಬ್ರಿಟಿಷ್ ರೇಸ್ ಬೈಕುಗಳ ಫೋಟೋದಲ್ಲಿ ಬಣ್ಣ ಹಚ್ಚದೆ ಹೊಳೆಯುವ ಆ ಟ್ಯಾಂಕು ನೋಡಿದವರಿಗೆ ಬೇರೆ ಯಾವುದೂ ಕಣ್ಣಿಗೆ ಹಿಡಿಸುವುದಿಲ್ಲ. ತೂಕದ ಲೆಕ್ಕದಲ್ಲಿ ಮಾತ್ರ ಎಲ್ಲರೂ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಾರೆ. ಅಲ್ಯೂಮಿನಿಯಂ ಕಬ್ಬಿಣದ ಮೂರರಲ್ಲಿ ಒಂದು ಪಾಲು ತೂಗುತ್ತದೆ ಅನ್ನುವುದು ಸರಿ, ಆದರೆ ಅದೇ ದಪ್ಪದ ತಗಡಿನಲ್ಲಿ ಯಾರೂ ಟ್ಯಾಂಕು ಮಾಡುವುದಿಲ್ಲ. 0.8 ಮಿಲಿಮೀಟರ್ ಕಬ್ಬಿಣದ ತಗಡು ಚದರ ಮೀಟರಿಗೆ ಸುಮಾರು 6.3 ಕೆಜಿ. 1.6 ಮಿಲಿಮೀಟರ್ ಅಲ್ಯೂಮಿನಿಯಂ ಸುಮಾರು 4.3 ಕೆಜಿ. ಉಳಿತಾಯ ಮೂರರಲ್ಲಿ ಒಂದು ಪಾಲು ಅಷ್ಟೇ. ಎರಡು-ಮೂರು ಲೀಟರ್ ಪೆಟ್ರೋಲು ಕಡಿಮೆ ತುಂಬಿಸಿದರೂ ಹೆಚ್ಚುಕಡಿಮೆ ಅಷ್ಟೇ ತೂಕ ಇಳಿಯುತ್ತದೆ, ಅದೂ ಪುಕ್ಕಟೆ.

ಅಲ್ಯೂಮಿನಿಯಮ್ಮಿನ ನಿಜವಾದ ಲಾಭ ಅಂದರೆ ಒಳಗೆ ಕೆಂಪು ತುಕ್ಕು ಇಲ್ಲದಿರುವುದು. ಆದರೆ ಯೆಜ್ಡಿ ಎಂದರೆ ಒಂದೇ ಸಿಲಿಂಡರು, 75 ಮಿಲಿಮೀಟರ್ ಸ್ಟ್ರೋಕು (ಪಿಸ್ಟನ್ ಓಡುವ ದೂರ), ಆಕ್ಸಿಲರೇಟರ್ ತಿರುವಿದರೆ ಹಲ್ಲು ಕಟಕಟ ಅನ್ನುವಷ್ಟು ನಡುಕ. ಟ್ಯಾಂಕಿಗೆ ಬೋಲ್ಟು ಕೂರುವ ತೂತಿನ ಕಿವಿ ವೆಲ್ಡ್ ಮಾಡಿ ನೇರ ಬೋಲ್ಟು ಹಾಕಿದರೆ ವೆಲ್ಡಿಂಗಿನ ಪಕ್ಕದಲ್ಲೇ ಕೂದಲಿನಷ್ಟು ಬಿರುಕು ಬಿಡುತ್ತದೆ, ಪೆಟ್ರೋಲಿನ ವಾಸನೆಯಿಂದಲೇ ಗೊತ್ತಾಗಬೇಕು. ಹಳೆ ರೇಸಿನವರು ಟ್ಯಾಂಕನ್ನು ರಬ್ಬರಿನ ಮೇಲೆ ಕೂರಿಸಿ ಮೇಲಿಂದ ಒಂದು ಪಟ್ಟಿ ಬಿಗಿಯುತ್ತಿದ್ದದ್ದು ಸುಮ್ನೆ ಶೋಕಿಗಲ್ಲ. ನಾನೂ ಹಾಗೇ ಮಾಡಿದ್ದೇನೆ, ಬಿರುಕಿಲ್ಲ. ಇನ್ನೊಂದು ತಲೆನೋವು ಹಿತ್ತಾಳೆಯ ಪೆಟ್ರೋಲ್ ಕಾಕು, ಅಂದರೆ ಟ್ಯಾಂಕಿನ ನಲ್ಲಿ. ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಮುಟ್ಟುವ ಜಾಗಕ್ಕೆ ನಮ್ಮ ಉಪ್ಪು ಗಾಳಿ ತಾಗಿದರೆ ಬಿಳಿ ಪುಡಿ ಏಳುತ್ತದೆ, ಥ್ರೆಡ್ ಹೋಗುತ್ತದೆ. ಮತ್ತೆ ಇದನ್ನು ಮಾಡುವವರು ಊರಲ್ಲಿಲ್ಲ. ಆರ್ಗಾನ್ ವೆಲ್ಡಿಂಗಿಗೆ ಮಂಗಳೂರಿಗೇ ಹೋಗಬೇಕು, ಖರ್ಚು ಮೂರರಲ್ಲಿ ಇದಕ್ಕೇ ಜಾಸ್ತಿ.

ಇನ್ನು ಹಳೆ ತಗಡಿನ ಟ್ಯಾಂಕು. ಎಲ್ಲರೂ ಬೈಯುವುದು ಇದನ್ನೇ, ನಾನು ಕೊನೆಗೆ ಒಪ್ಪಿದ್ದೂ ಇದನ್ನೇ. ತುಕ್ಕು ತೆಗೆಯುವುದಕ್ಕೆ ಊರಲ್ಲಿ ಎಲ್ಲರೂ ಹೇಳುವ ಉಪಾಯ ಬಾತ್‌ರೂಮ್ ಆಸಿಡ್ಡು. ದಯವಿಟ್ಟು ಬೇಡ. ತುಕ್ಕು ಬೇಗ ಹೋಗುತ್ತದೆ, ಜೊತೆಗೆ ತಗಡೂ ಹೋಗುತ್ತದೆ, ಅದರ ಹೊಗೆಗೆ ಶೆಡ್ಡಿನಲ್ಲಿರುವ ಸ್ಪ್ಯಾನರುಗಳೂ ತುಕ್ಕು ಹಿಡಿಯುತ್ತವೆ. ವಿನೆಗರ್ ತುಂಬಿಸಿ ಇಟ್ಟರೆ ನಿಧಾನಕ್ಕೆ, ಸಮಾಧಾನಕ್ಕೆ ಕೆಲಸ ಮಾಡುತ್ತದೆ. ಕಾಕಂಬಿ ನೀರು ಇನ್ನೂ ನಿಧಾನ, ನಾಲ್ಕು ವಾರವೂ ಹಿಡಿಯಬಹುದು, ಮಳೆಗಾಲದಲ್ಲಿ ಹುಳಿತು ನಾತ ಬಡಿದರೆ ಮನೆಯವರ ಬೈಗುಳ ಬೇರೆ.

ನನಗೆ ಹಿಡಿಸಿದ್ದು ಬ್ಯಾಟರಿ ಚಾರ್ಜರಿನ ದಾರಿ. ಟ್ಯಾಂಕನ್ನು ಸೋಪಿನ ನೀರಲ್ಲಿ ತೊಳೆದು ಪೆಟ್ರೋಲಿನ ವಾಸನೆ ಪೂರ್ತಿ ಹೋದ ಮೇಲೆ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿಸಬೇಕು. ಒಳಗೆ ಒಂದು ಕಬ್ಬಿಣದ ಸರಳು, ಅದು ಟ್ಯಾಂಕಿನ ಗೋಡೆಗೆ ಮುಟ್ಟಬಾರದು. ಸರಳಿಗೆ ಪಾಸಿಟಿವ್, ಟ್ಯಾಂಕಿಗೆ ನೆಗೆಟಿವ್, ಈ ಲೆಕ್ಕ ತಪ್ಪಬಾರದು. ಸ್ಟೇನ್‌ಲೆಸ್ ಸರಳು ಹಾಕಬೇಡಿ, ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಸೇದುವವರು ಇರಬಾರದು. ಚಾರ್ಜರ್ ಆಫ್ ಮಾಡಿದ ಮೇಲೇ ಕ್ಲಿಪ್ಪು ತೆಗೆಯಬೇಕು. ಕೆಂಪು ತುಕ್ಕು ಕಪ್ಪು ಕೆಸರಾಗಿ ಇಳಿಯುತ್ತದೆ, ಒಳ್ಳೆ ತಗಡಿಗೆ ಏನೂ ಆಗುವುದಿಲ್ಲ. ಯೆಜ್ಡಿ ಟ್ಯಾಂಕಿನ ಹೊಟ್ಟೆಯ ನಡುವೆ ಚಾಸಿಯ ಪೈಪು ಹಾಯುವ ಸುರಂಗದಂಥ ಬೋಗದೆ ಇದೆಯಲ್ಲ, ಸರಳಿಗೆ ಎದುರು ಕಾಣದ ಜಾಗ ಸರಿಯಾಗಿ ಶುದ್ಧ ಆಗುವುದಿಲ್ಲ. ಅದಕ್ಕೆ ಸರಳನ್ನು ಬಗ್ಗಿಸಿ ಎರಡೂ ಮಗ್ಗುಲಿಗೆ ಸರದಿಯಲ್ಲಿ ಇಳಿಸಬೇಕು. ಇದೇ ಸೋಡಾ ನೀರನ್ನು ಅಲ್ಯೂಮಿನಿಯಂ ಟ್ಯಾಂಕಿಗೆ ಹಾಕಿದರೆ ಅದು ಟ್ಯಾಂಕನ್ನೇ ತಿನ್ನುತ್ತದೆ, ನೆನಪಿರಲಿ.

ತೊಳೆದು ಒಣಗಿಸಿದ ತಕ್ಷಣ ಟೂ-ಸ್ಟ್ರೋಕ್ ಆಯಿಲ್ ಸುರಿದು ಒಳಗೆಲ್ಲ ಆಡಿಸಬೇಕು, ಇಲ್ಲದಿದ್ದರೆ ಇಲ್ಲಿನ ತೇವಕ್ಕೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ತುಕ್ಕು ತಡೆಯಲು ಒಳಗೋಡೆಗೆ ಸೀಲರ್ ಬಳಿಯುವುದು ನನಗೆ ಇಷ್ಟವಿಲ್ಲ. ಹಳೆ ಸೀಲರ್ ಎಥನಾಲಿಗೆ ಎದ್ದು ಹಾಳೆ ಹಾಳೆಯಾಗಿ ಕಾಕಿಗೆ ಅಡ್ಡ ಬರುತ್ತದೆ. ಯೆಜ್ಡಿಗೆ ಹೇಗೂ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವುದು, ಆ ಜಿಡ್ಡೇ ತಗಡಿಗೆ ಕಾವಲು.

ಆದರೆ ಯಾವ ಟ್ಯಾಂಕಾದರೂ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗಾಲದಲ್ಲಿ) ಇ20 ತುಂಬಿಸಿ ಸುಮ್ಮನೆ ನಿಲ್ಲಿಸಬೇಡಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಒಟ್ಟಿಗೆ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಆಯಿಲ್ ಮಾತ್ರ ಮೇಲೆ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾಕು ಎಳೆಯುವುದು ತಳದಿಂದ. ಅಂದರೆ ಇಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ಸರಕು, ಪಿಸ್ಟನ್ ಹಿಡಿದುಕೊಳ್ಳುವುದು ಗ್ಯಾರಂಟಿ.

ಈಗ ರಸ್ತೆಗೆ ತಗಡಿನದ್ದು. ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕಾರಿ ಸ್ಪೀಡ್‌ವೇಗೆ ಒಯ್ಯುವುದಾದರೆ ಅಲ್ಯೂಮಿನಿಯಂ. ಫೈಬರಿನದ್ದನ್ನು ಅಳತೆಗೆ ಇಟ್ಟುಕೊಂಡಿದ್ದೇನೆ, ಅದರ ಆಕಾರ ನೋಡಿಯೇ ಅಲ್ಯೂಮಿನಿಯಂ ಬಡಿಸಿದ್ದು. ಹಳೆ ತಗಡಿನ ಟ್ಯಾಂಕು ಕೊಳ್ಳುವವರು ಮೇಲಿನ ಬಣ್ಣ ನೋಡಿ ದುಡ್ಡು ಕೊಡಬೇಡಿ. ಮಗುಚಿ, ಬೋಗದೆಯ ಎರಡೂ ಬದಿಯ ತಳದ ಬೆಸುಗೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಕುಟ್ಟಿ ನೋಡಿ. ಠಣ್ ಅಂದರೆ ಮಾತಾಡಿ, ಪುಸ್ ಅಂದರೆ ವಾಪಸ್ ಇಟ್ಟುಬಿಡಿ.