ಇಎಸ್‌ಐ: ಕಾರ್ಡ್ ಚೆನ್ನಾಗಿದೆ, ಕೌಂಟರ್ ಅಲ್ಲ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ 18,000 ಸಂಬಳದವರಿಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಅಂತ ತಿಂಗಳಿಗೆ ಹಿಡಿಯೋದು ಬರೀ 135 ರೂಪಾಯಿ. 2019ರ ಜುಲೈನಲ್ಲಿ ನಮ್ಮ ಪಾಲನ್ನು 1.75ರಿಂದ 0.75 ಪರ್ಸೆಂಟ್‌ಗೆ ಇಳಿಸಿದರು, ಅದಕ್ಕೆ ಮುಂಚೆ ಇದೇ ಸಂಬಳಕ್ಕೆ 315 ಹೋಗುತ್ತಿತ್ತು. ಇಷ್ಟಕ್ಕೆ ಹೆಂಡತಿ ಮಕ್ಕಳಿಗೂ ಚಿಕಿತ್ಸೆ, ಹುಷಾರಿಲ್ಲದೆ ಮಲಗಿದರೆ ವರ್ಷಕ್ಕೆ 91 ದಿನದವರೆಗೆ 70 ಪರ್ಸೆಂಟ್ ಸಂಬಳ. ಯಾವ ಪ್ರೈವೇಟ್ ಪಾಲಿಸಿ ಕೊಡುತ್ತೆ ಹೇಳಿ?

ಆದರೆ ನಮ್ಮ ಏರಿಯಾ ಇಎಸ್‌ಐ ಡಿಸ್ಪೆನ್ಸರಿ! ಬೆಳಿಗ್ಗೆಯಿಂದ ಕ್ಯೂ ನಿಂತು, ಬಿಪಿ ಮಾತ್ರೆಯ ಚೀಟಿ ಕಿಟಕಿಯೊಳಗೆ ಚಾಚಿದರೆ, ತಲೆ ಕೂಡ ಎತ್ತದೆ "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಅಂತಾರೆ. ಅರ್ಧ ದಿನದ ಸಂಬಳ ಸುಮ್ನೆ ಹೋಯ್ತಲ್ವಾ?

ಇಎಸ್‌ಐಗೆ ಸೇರೋಕೆ ಇರೋ ಸಂಬಳದ ಮಿತಿಯನ್ನು 2017ರಲ್ಲಿ 15,000ದಿಂದ 21,000ಕ್ಕೆ ಏರಿಸಿದ್ದು ಒಳ್ಳೇದೇ. ಆದರೆ ಬೆಂಗಳೂರಿನ ಬಾಡಿಗೆಗೆ 21,000 ಯಾವ ಮೂಲೆಗೆ?